ಸರ್ವಾಧಿಕಾರಿಗಳ ಪಟ್ಟಿ ಮಾಡುವುದು ಹೇಗೆ?

ಕಳೆದ ಡಿಸೆಂಬರಿನಲ್ಲಿ ಉಡುಪಿಯ ಒಂದು ಪ್ರೌಢಶಾಲೆಯ ರಸಪ್ರಶ್ನೆಗೆ ಪ್ರಶ್ನೆ ಸಿದ್ಧಪಡಿಸಿದವನು ನಾನು. ಕೊನೆಯ ಸುತ್ತಿನಲ್ಲಿ ಹತ್ತು ದೇಶಗಳ ನಾಯಕರ ಚಿತ್ರ ತೋರಿಸಿ, ‘ಇವರಲ್ಲಿ ಸರ್ವಾಧಿಕಾರಿಗಳು ಎಷ್ಟು ಮಂದಿ?’ ಎಂದು ಕೇಳಿದೆ. ನನ್ನ ಉತ್ತರ ಏಳು. ಒಂದು ತಂಡ ಐದು ಎಂದಿತು, ಇನ್ನೊಂದು ಒಂಬತ್ತು. ತಟ್ಟೆಯಲ್ಲಿದ್ದ ಗೋಳಿಬಜೆ ತಣ್ಣಗಾದರೂ ವಾಗ್ವಾದ ತಣ್ಣಗಾಗಲಿಲ್ಲ. ಎರಡೂ ತಂಡಗಳ ಮಾತಿನಲ್ಲಿ ಹುರುಳಿತ್ತು. ಹುರುಳಿಲ್ಲದ್ದು ನನ್ನ ಪ್ರಶ್ನೆಯಲ್ಲಿ. ಇಂಥ ಪಟ್ಟಿ ಮಾಡಲು ಹೊರಡುವವರು ನಾನು ಎಡವಿದಲ್ಲೇ ಎಡವದಿರಲಿ ಎಂದು ಈ ಕ್ರಮ.

ಮೊದಲ ಕೆಲಸ, ಹೆಸರಿನ ಮುಂದೆ ಇಸವಿ ಬರೆಯಿರಿ. ನಾನು ಮಾಡದೆ ಬಿಟ್ಟದ್ದು ಇದನ್ನೇ. ದಕ್ಷಿಣ ಕೊರಿಯಾದ ಪಾರ್ಕ್ ಚುಂಗ್ ಹೀ 1961ರಲ್ಲಿ ಸೇನಾ ದಂಗೆಯಿಂದ ಅಧಿಕಾರ ಹಿಡಿದ. 1963, 1967, 1971ರಲ್ಲಿ ಚುನಾವಣೆಗೆ ನಿಂತು ಗೆದ್ದ. 1972ರಲ್ಲಿ ಸಂವಿಧಾನವನ್ನೇ ಬದಲಿಸಿ, ಜನ ನೇರವಾಗಿ ಅಧ್ಯಕ್ಷನನ್ನು ಆರಿಸುವುದನ್ನೇ ನಿಲ್ಲಿಸಿದ. ಒಬ್ಬನೇ ಮನುಷ್ಯನಿಗೆ ಮೂರು ಉತ್ತರ. ಹಿಟ್ಲರ್ 1933ರ ಜನವರಿ 30ರಂದು ಚಾನ್ಸಲರ್ ಆದದ್ದು ಕಾನೂನುಬದ್ಧ ನೇಮಕದಿಂದ. ಜುಲೈ ಮಧ್ಯದ ಹೊತ್ತಿಗೆ ಜರ್ಮನಿಯಲ್ಲಿ ಅವನ ಪಕ್ಷ ಬಿಟ್ಟು ಬೇರೆ ಪಕ್ಷ ಇರುವುದೇ ಅಪರಾಧವಾಗಿತ್ತು. ಯಕ್ಷಗಾನದಲ್ಲಾದರೆ ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ ರಾಕ್ಷಸ ಯಾರೆಂದು ಮಗುವಿಗೂ ತಿಳಿಯುತ್ತದೆ. ಇಲ್ಲಿ ವೇಷ ಕಟ್ಟುವ ಕೆಲಸ ರಂಗದ ಮೇಲೆಯೇ ನಡೆಯುತ್ತದೆ.

ಆಮೇಲೆ, ಪದವಿಯ ಹೆಸರನ್ನು ಹೊಡೆದುಹಾಕಿ. ಪ್ರಾಚೀನ ರೋಮಿನಲ್ಲಿ ‘ಡಿಕ್ಟೇಟರ್’ ಎಂಬುದು ಬೈಗುಳವಲ್ಲ, ಹುದ್ದೆ. ಸಂಕಟಕಾಲಕ್ಕೆಂದು ಕೊಡುತ್ತಿದ್ದ ಅದರ ಅವಧಿ ಆರು ತಿಂಗಳು. ನಮ್ಮ ‘ಸರ್ವಾಧಿಕಾರಿ’ಯೂ ಹಾಗೆಯೇ. ಹೈದರಲಿ ಮೈಸೂರಿನ ಸರ್ವಾಧಿಕಾರಿ ಎನಿಸಿಕೊಂಡಾಗ ಸಿಂಹಾಸನದ ಮೇಲೆ ಒಡೆಯರೇ ಇದ್ದರು. ಹುದ್ದೆಯನ್ನೇ ನಂಬಿದರೆ ಲಿಬಿಯಾದ ಗಡಾಫಿ ತಪ್ಪಿಸಿಕೊಳ್ಳುತ್ತಾನೆ. 1979ರ ಬಳಿಕ ಅವನಿಗೆ ಸರ್ಕಾರದಲ್ಲಿ ಯಾವ ಹುದ್ದೆಯೂ ಇರಲಿಲ್ಲ, ‘ಕ್ರಾಂತಿಯ ಮಾರ್ಗದರ್ಶಿ’ ಅಷ್ಟೇ.

ಮೂರನೆಯ ಹಂತಕ್ಕೆ ನಿಧಾನ ಬೇಕು, ಆದರೆ ಉಡುಪಿಯವರಿಗೆ ಹೇಳುವುದು ಸುಲಭ. ಕೃಷ್ಣಮಠದ ಪರ್ಯಾಯ ಎರಡು ವರ್ಷ. ಅವಧಿ ತುಂಬಿದ ಜನವರಿ 18ರಂದು ಅಕ್ಷಯಪಾತ್ರೆ, ಸಟ್ಟುಗ ಮುಂದಿನ ಮಠದ ಯತಿಗಳ ಕೈ ಸೇರುತ್ತವೆ. ಪೂಜೆ, ಅನ್ನದಾನ ಎಷ್ಟು ವೈಭವದಿಂದ ನಡೆದಿದ್ದರೂ ಇನ್ನಾರು ತಿಂಗಳು ಇರಲಿ ಎನ್ನುವಂತಿಲ್ಲ. ಪಟ್ಟಿಯ ಪ್ರತಿಯೊಂದು ಹೆಸರಿಗೂ ಕೇಳಿ: ಆ ಇಸವಿಯಲ್ಲಿ ಇವನ ಕೈಯಿಂದ ಸಟ್ಟುಗ ಪಡೆಯಬಲ್ಲವರು ಇದ್ದರೇ?

ಈ ಅಳತೆಗೋಲೂ ಸೊಟ್ಟಗಿದೆ ಎನ್ನಿ. ಮುಸೊಲಿನಿಯನ್ನು 1943ರ ಜುಲೈಯಲ್ಲಿ ಇಟಲಿಯ ದೊರೆ ವಜಾ ಮಾಡಿದ. ಹಾಗೆಂದು ಮುಸೊಲಿನಿಯನ್ನು ಪಟ್ಟಿಯಿಂದ ಬಿಡುವವರುಂಟೇ? ಚಿಲಿಯ ಪಿನೋಷೆ 1988ರ ಜನಮತಗಣನೆಯಲ್ಲಿ ಸೋತು 1990ರಲ್ಲಿ ಅಧ್ಯಕ್ಷ ಪದವಿ ಬಿಟ್ಟ, ಆದರೆ 1998ರವರೆಗೂ ಸೇನೆಯ ಮುಖ್ಯಸ್ಥನಾಗಿ ಕುಳಿತ. ಸೋತು ಹೋದದ್ದರಿಂದ 1973ರ ದಂಗೆಯ ರಕ್ತ ತೊಳೆದುಹೋಗುವುದಿಲ್ಲ. ರಾಜ್ಯಶಾಸ್ತ್ರಜ್ಞ ಆಡಮ್ ಪ್ಶೆವೋರ್ಸ್ಕಿ ಮತ್ತು ಸಂಗಡಿಗರು ಇನ್ನೂ ಬಿಗಿಯಾದ ನಿಯಮ ಮಾಡಿದ್ದರು: ಆಳುವ ಪಕ್ಷ ಚುನಾವಣೆಯಲ್ಲಿ ಸೋತು ಅಧಿಕಾರ ಕೊಟ್ಟದ್ದನ್ನು ಕಣ್ಣಾರೆ ಕಾಣುವವರೆಗೆ ಅದು ಪ್ರಜಾಪ್ರಭುತ್ವವಲ್ಲ. ಈ ನಿಯಮಕ್ಕೆ ಸಿಕ್ಕಿಬಿದ್ದದ್ದು ಬೋಟ್ಸ್ವಾನಾ. 1966ರಿಂದ ಒಂದೇ ಪಕ್ಷ ಗೆಲ್ಲುತ್ತಿತ್ತು, ಆದ್ದರಿಂದ ಅದು ಸರ್ವಾಧಿಕಾರಗಳ ಸಾಲಿಗೆ ಸೇರಿತು. 2024ರಲ್ಲಿ ಆ ಪಕ್ಷ ಸೋತಿತು, ಅಧಿಕಾರವನ್ನು ಶಾಂತವಾಗಿ ಬಿಟ್ಟುಕೊಟ್ಟಿತು. ಹಾಗಾದರೆ ಹಿಂದಿನ ಐವತ್ತೆಂಟು ವರ್ಷಗಳನ್ನು ಯಾವ ಪುಟಕ್ಕೆ ಹಾಕಬೇಕು? ಸಿಂಗಪುರದ ಲೀ ಕ್ವಾನ್ ಯೂ ಅವರದು ಇನ್ನೂ ತೊಡಕು. ಚುನಾವಣೆ ತಪ್ಪದೆ ನಡೆಯಿತು. 1968ರಿಂದ 1980ರವರೆಗಿನ ನಾಲ್ಕು ಮಹಾಚುನಾವಣೆಗಳಲ್ಲಿ ಅವರ ಪಕ್ಷಕ್ಕೆ ಎಲ್ಲ ಸ್ಥಾನಗಳೂ. ವಿಚಾರಣೆಯಿಲ್ಲದ ಬಂಧನವೂ ಇತ್ತು. ನಾನು ಅವರನ್ನು ಪಟ್ಟಿಯಿಂದ ಹೊರಗಿಟ್ಟಿದ್ದೆ. ಈಗ ಕೇಳಿದರೆ ಅಷ್ಟು ಧೈರ್ಯದಿಂದ ಹೇಳಲಾರೆ.

ಶೇಕಡಾವಾರು ಲೆಕ್ಕ ನೋಡಲು ಹೆಚ್ಚು ಹೊತ್ತು ಬೇಡ. 2002ರಲ್ಲಿ ಸದ್ದಾಂ ಹುಸೇನ್‌ಗೆ ನೂರಕ್ಕೆ ನೂರು ಮತ ಬಿತ್ತೆಂದು ಇರಾಕ್ ಪ್ರಕಟಿಸಿತು. ನಮ್ಮ ಹಾಲಿನ ಸೊಸೈಟಿಯ ಚುನಾವಣೆಯಲ್ಲೂ ಅಷ್ಟು ಒಮ್ಮತ ಕಂಡಿಲ್ಲ.

ಅರಸರನ್ನು ಏನು ಮಾಡುವುದು ಎಂಬುದನ್ನು ಮೊದಲೇ ತೀರ್ಮಾನಿಸಿ. ಒಂಬತ್ತು ಎಂದ ತಂಡ ಕೊಲ್ಲಿಯ ದೊರೆಗಳನ್ನೂ ಸೇರಿಸಿತ್ತು. ‘ಸರ್, ನನ್ನ ಮಾವ ಕುವೈತಿನಲ್ಲಿದ್ದಾರೆ, ಅಲ್ಲಿ ಸಂಸತ್ತು ಇದೆ’ ಎಂದು ಒಬ್ಬ ಹುಡುಗ ಎದ್ದು ನಿಂತ. ಇತ್ತು, ನಿಜ, 1963ರಿಂದಲೇ. ಆದರೆ ಪ್ರಧಾನಿಯನ್ನು ನೇಮಿಸುವವರು ಅಮೀರರು. 2024ರ ಮೇಯಲ್ಲಿ ಅವರು ಸಂಸತ್ತನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷಗಳವರೆಗೆ ಅಮಾನತಿನಲ್ಲಿಟ್ಟರು. ಇಷ್ಟು ಹೇಳಿದರೂ ಹುಡುಗ ಒಪ್ಪಲಿಲ್ಲ. 1990ರಲ್ಲಿ ಸದ್ದಾಂನ ಸೇನೆ ಕುವೈತಿಗೆ ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಊರಿಗೆ ಬಂದವರ ಕತೆ ಕರಾವಳಿಯ ಎಷ್ಟೋ ಮನೆಗಳಲ್ಲಿದೆ. ಅಂಥ ಮನೆಯ ಮಗುವಿಗೆ ಸರ್ವಾಧಿಕಾರಿ ಎಂದರೆ ಸದ್ದಾಂ, ಅಮೀರರಲ್ಲ. ಹಳೆಯ ದೊರೆತನಗಳಿಗೆ ಪಟ್ಟಿಯಲ್ಲಿ ಬೇರೆಯೇ ಕಾಲಂ ಹಾಕುವುದು ಲೇಸು. ಎರಡಕ್ಕೂ ಒಂದೇ ಮಾತು ಬಳಸಿದರೆ ಮಾತು ಸವೆಯುತ್ತದೆ.

ಕೊನೆಗೆ ಅದೇ ಅಳತೆಗೋಲನ್ನು ಮನೆಯೊಳಗೂ ಇಟ್ಟು ನೋಡಿ. 1975ರ ಜೂನ್ 25ರ ರಾತ್ರಿಯಿಂದ ವಿರೋಧ ಪಕ್ಷದ ನಾಯಕರು ಜೈಲಿನಲ್ಲಿ, ಪತ್ರಿಕೆಗಳು ಸೆನ್ಸಾರಿನಲ್ಲಿ. ಲೋಕಸಭೆಯ ಅವಧಿಯೂ ವಿಸ್ತರಣೆಯಾಯಿತು. 1977ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ಚುನಾವಣೆ ನಡೆಸಿ, ಸೋತು, ಇಳಿದರು. ಮರುವರ್ಷ ಘಟ್ಟದ ಮೇಲಿನ ಚಿಕ್ಕಮಗಳೂರಿನಿಂದ ಗೆದ್ದು ಬಂದರು. ಆ ಇಪ್ಪತ್ತೊಂದು ತಿಂಗಳನ್ನು ಏನೆಂದು ಕರೆಯುವಿರಿ ಎಂದು ಒಂದೇ ಮನೆಯ ಇಬ್ಬರನ್ನು ಕೇಳಿ ನೋಡಿ. 2021ರಲ್ಲಿ ದೇಶಗಳ ಪ್ರಜಾಪ್ರಭುತ್ವವನ್ನು ಅಳೆಯುವ ಸ್ವೀಡನ್ನಿನ ವಿ-ಡೆಮ್ ಸಂಸ್ಥೆ ಭಾರತವನ್ನು ‘ಚುನಾವಣೆಯುಳ್ಳ ನಿರಂಕುಶ ಆಡಳಿತ’ ಎಂದಾಗ ಭಾರತ ಸರ್ಕಾರ ಒಪ್ಪಲಿಲ್ಲ. ತಜ್ಞರ ಪಟ್ಟಿಗಳಿಗೂ ನನ್ನ ರಸಪ್ರಶ್ನೆಗೆ ಬಂದಂಥದ್ದೇ ಆಕ್ಷೇಪಣೆ ಬರುತ್ತದೆ ಎಂದು ಈಗ ನೆನೆದರೆ ಸ್ವಲ್ಪ ಸಮಾಧಾನವಾಗುತ್ತದೆ.

ಈ ಡಿಸೆಂಬರಿಗೂ ಆ ಸುತ್ತನ್ನು ಉಳಿಸಿಕೊಂಡಿದ್ದೇನೆ. ಪ್ರತಿ ಚಿತ್ರದ ಕೆಳಗೆ ಇಸವಿ ಇದೆ. ‘ಹೌದು’, ‘ಅಲ್ಲ’ ಜೊತೆಗೆ ‘ವಿವಾದವಿದೆ’ ಎಂಬ ಮೂರನೆಯ ಉತ್ತರವೂ ಇದೆ. ಕಾರಣ ಹೇಳಿದರೆ ಪೂರ್ತಿ ಅಂಕ. ಕುವೈತಿನ ಹುಡುಗ ಈಗ ಹತ್ತನೆಯ ತರಗತಿ. ಅವನ ತಂಡ ಆಗಲೇ ಹೆಸರು ಕೊಟ್ಟಾಗಿದೆಯಂತೆ.