ಕವರ್ ಲೆಟರ್ ಅಂದ್ರೆ ಮನವಿ ಪತ್ರ ಅಲ್ಲ

‘ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ...’ ಶಾಲೆಯ ರಜೆ ಚೀಟಿಯಲ್ಲಿ ಕಲಿತ ಸಾಲು ಇದು. ನಮ್ಮ ಹುಡುಗರು ಕೆಲಸಕ್ಕೆ ಬಯೋಡೇಟಾ ಜೊತೆ ಕಳಿಸುವ ಪತ್ರದಲ್ಲೂ, ಅಂದ್ರೆ ಕವರ್ ಲೆಟರ್‌ನಲ್ಲೂ, ಇದನ್ನೇ ಬರೆಯುತ್ತಾರೆ. ಕೊನೆಗೆ ‘ಬಡ ಕುಟುಂಬದವನು, ಕೆಲಸ ಕೊಟ್ಟರೆ ಚಿರಋಣಿ’ ಅಂತ ಸೇರಿಸುತ್ತಾರೆ. ಓದಿದರೆ ಸಂಕಟವಾಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಾಗಲಿ, ಗಂಗಾವತಿಯ ಅಕ್ಕಿ ಗಿರಣಿಯಾಗಲಿ, ಅವರಿಗೆ ತಿಳಿಯಬೇಕಾದ್ದು ಒಂದೇ: ಈ ಕೆಲಸ ನಿಮ್ಮಿಂದ ಆಗುತ್ತದಾ?

ಮೊದಲು ಜಾಹೀರಾತನ್ನು ಎರಡು ಸಲ ಓದಿ, ಅವರು ಕೇಳಿದ್ದಕ್ಕೆ ಗೆರೆ ಹಾಕಿ. ಗಿರಣಿಯ ಲೆಕ್ಕದ ಕೆಲಸ ಅಂದುಕೊಳ್ಳಿ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬರಬೇಕು, ಜಿಎಸ್‌ಟಿ ಗೊತ್ತಿರಬೇಕು, ಸುಗ್ಗಿಯಲ್ಲಿ ತಡರಾತ್ರಿವರೆಗೆ ಕೂರಬೇಕು. ನಿಮ್ಮ ಪತ್ರ ಈ ಮೂರಕ್ಕೆ ಉತ್ತರ ಕೊಟ್ಟರೆ ಸಾಕು.

ಮೊದಲ ಸಾಲಿನಲ್ಲೇ ಯಾವ ಕೆಲಸಕ್ಕೆ ಬರೆಯುತ್ತಿದ್ದೀರಿ, ಜಾಹೀರಾತು ಎಲ್ಲಿ ನೋಡಿದಿರಿ ಹೇಳಿಬಿಡಿ.

ಪತ್ರದ ಜೀವ ಇರುವುದು ಎರಡನೇ ಪ್ಯಾರಾದಲ್ಲಿ. ‘ನಾನು ಶ್ರಮಜೀವಿ, ಪ್ರಾಮಾಣಿಕ’ ಅಂತ ಯಾರು ಬೇಕಾದರೂ ಬರೆಯಬಹುದು. ಇದನ್ನು ನೋಡಿ: ‘ಎರಡು ವರ್ಷದಿಂದ ಕಾರಟಗಿಯ ಅಡತಿ ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದೇನೆ. ಸುಗ್ಗಿಯಲ್ಲಿ ದಿನಕ್ಕೆ 60 ರೈತರ ಲೆಕ್ಕದ ಪಟ್ಟಿ ಮಾಡಿ, ಅದೇ ರಾತ್ರಿ ಟ್ಯಾಲಿಗೆ ಏರಿಸುತ್ತೇನೆ.’ ಇಲ್ಲಿ ಊರಿದೆ, ಕೆಲಸವಿದೆ, ಅಂಕಿಯಿದೆ. ಪ್ರಾಮಾಣಿಕ ಅನ್ನುವ ಮಾತು ಬೇಕೇ ಆಗಲಿಲ್ಲ, ಅಲ್ವಾ?

ಈಗಷ್ಟೇ ಐಟಿಐ ಮುಗಿಸಿದವರು ‘ಅನುಭವ ಇಲ್ಲ’ ಅಂತ ಶುರು ಮಾಡಬೇಡಿ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಅಪ್ರೆಂಟಿಸ್ ಆಗಿದ್ದರೆ ಅಲ್ಲಿ ಯಾವ ಯಂತ್ರ ಬಿಚ್ಚಿದಿರಿ, ಏನು ಜೋಡಿಸಿದಿರಿ ಬರೆಯಿರಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿದದ್ದು, ಅಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ ನಿಂತದ್ದು ಕೂಡ ಅನುಭವವೇ. ಆದರೆ ಹೆಲ್ಪರ್ ಆಗಿದ್ದರೆ ಹೆಲ್ಪರ್ ಅಂತಲೇ ಬರೆಯಿರಿ. ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿದರೆ ನಿಜ ಹೊರಬರುತ್ತದೆ.

ಜಾಹೀರಾತು ಇಂಗ್ಲಿಷ್‌ನಲ್ಲಿದ್ದರೆ ಪತ್ರವೂ ಇಂಗ್ಲಿಷ್‌ನಲ್ಲಿರಲಿ. ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಆಮೇಲೆ ಸಣ್ಣ ಸಣ್ಣ ವಾಕ್ಯ ಮಾಡಿ. ನೆಟ್‌ನಿಂದ ಇಳಿಸಿದ ಉದ್ದುದ್ದ ವಾಕ್ಯ ನಿಮ್ಮ ಮಾತಿನಂತೆ ಕೇಳುವುದಿಲ್ಲ.

ಇನ್ನೊಂದು ಮಾತು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಉದ್ಯೋಗ ಮೀಸಲಾತಿ ಇರುವುದು ಸರ್ಕಾರಿ ನೇಮಕಾತಿಗೆ. ಖಾಸಗಿ ಕಂಪನಿಯ ಪತ್ರದಲ್ಲಿ ಆ ಪ್ರಮಾಣಪತ್ರದ ವಿಷಯ ಬೇಡ.

ಕೊನೆಯಲ್ಲಿ ಯಾವಾಗಿನಿಂದ ಬರಬಲ್ಲಿರಿ ಎಂದು ತಿಳಿಸಿ, ಮೊಬೈಲ್ ನಂಬರ್ ಹಾಕಿ. ಅವರು ಕೇಳದಿದ್ದರೆ ಸಂಬಳದ ಮಾತು ಬೇಡ. ಎಲ್ಲ ಸೇರಿ ಒಂದು ಪುಟ ದಾಟಬಾರದು.

ಇಮೇಲ್‌ನಲ್ಲಿ ಕಳಿಸುವಾಗ ವಿಷಯದ ಜಾಗದಲ್ಲಿ ಹುದ್ದೆ ಮತ್ತು ನಿಮ್ಮ ಹೆಸರು ಬರೆಯಿರಿ. ಪಿಡಿಎಫ್‌ಗೂ ನಿಮ್ಮ ಹೆಸರನ್ನೇ ಇಡಿ. ಸುಮ್ನೆ ಖಾಲಿ ಮೇಲ್‌ಗೆ ಬಯೋಡೇಟಾ ಅಂಟಿಸಬೇಡಿ. ಕಳಿಸುವ ಮೊದಲು ಕಂಪನಿಯ ಹೆಸರನ್ನು ಮತ್ತೊಮ್ಮೆ ನೋಡಿ. ಹಳೇ ಪತ್ರ ತಿದ್ದಿ ಕಳಿಸುವಾಗ ಹೋದ ವಾರದ ಕಂಪನಿಯ ಹೆಸರು ಹಾಗೇ ಉಳಿದುಬಿಡುತ್ತದೆ.