ಟ್ಯೂಬಿಂಗೆನ್: ಒಬ್ಬರೇ ಹೋಗಿ, ನಡೆದುಕೊಂಡೇ ಒಂದು ದಿನದಲ್ಲಿ ನೋಡುವುದು ಹೇಗೆ?

ಓದಿಗೋ ಕೆಲಸಕ್ಕೋ ಅಂತ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಹೋದ ಕನ್ನಡಿಗರು ರಜೆ ಸಿಕ್ಕ ಕೂಡಲೇ ಪ್ಯಾರಿಸ್‌ಗೋ ಸ್ವಿಟ್ಜರ್ಲೆಂಡ್‌ಗೋ ಟಿಕೆಟ್ ಹುಡುಕುತ್ತಾರೆ. ಸುಮಾರು ಒಂದು ಗಂಟೆ ರೈಲಿನ ದಾರಿಯಲ್ಲಿರುವ ಟ್ಯೂಬಿಂಗೆನ್ ಹಾಗೇ ಉಳಿದುಬಿಡುತ್ತದೆ. ಇದು 1477ರಲ್ಲಿ ವಿಶ್ವವಿದ್ಯಾಲಯ ಶುರುವಾದ ಊರು. ಎರಡನೇ ಮಹಾಯುದ್ಧದ ಬಾಂಬುಗಳಿಂದ ಇದರ ಹಳೇ ಪೇಟೆ ಹೆಚ್ಚುಕಮ್ಮಿ ಪೂರ್ತಿ ಬಚಾವಾಯಿತು. ನೋಡುವುದೆಲ್ಲ ನಡೆದು ಮುಟ್ಟುವ ದೂರದಲ್ಲೇ ಇದೆ. ಇಲ್ಲಿಗೆ ಒಬ್ಬರೇ ಹೋಗಿ. ಜೊತೆಗೆ ನಾಲ್ಕು ಜನ ಇದ್ದರೆ ಒಂದು ಗೋಡೆ ಮುಂದೆ ಹತ್ತು ನಿಮಿಷ ನಿಲ್ಲಲು ಯಾರೂ ಬಿಡುವುದಿಲ್ಲ, ಈ ಊರಲ್ಲಿ ಅಂಥ ಗೋಡೆಗಳೇ ಜಾಸ್ತಿ.

ಹೊರಡುವ ಮುಂಚೆ

ಬಾಡೆನ್-ವ್ಯೂರ್ಟೆಂಬರ್ಗ್ ಟಿಕೆಟ್ ತೆಗೆದುಕೊಂಡರೆ ಇಡೀ ದಿನ ಆ ರಾಜ್ಯದ ಲೋಕಲ್ ಮತ್ತು ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರವೇ ನಡೆಯುತ್ತದೆ, ನೆನಪಿರಲಿ. ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಇದ್ದವರು ಬೇರೆ ಏನೂ ಕೊಳ್ಳಬೇಕಾಗಿಲ್ಲ.

ಯಾವ ದಿನ ಹೋಗಬೇಕು ಅಂತ ಕೇಳಿದರೆ ಬುಧವಾರ ಇಲ್ಲವೇ ಶುಕ್ರವಾರ ಅನ್ನುತ್ತೇನೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಮಾರುಕಟ್ಟೆ ಚೌಕದಲ್ಲಿ ಸಂತೆ ಇರುತ್ತದೆ, ಆದರೆ ಸೋಮವಾರ ಕೋಟೆಯ ಮ್ಯೂಸಿಯಂಗೆ ರಜೆ. ಭಾನುವಾರ ಅಂಗಡಿಗಳೆಲ್ಲ ಬಂದ್.

ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ. ಓಣಿಗಳಿಗೆಲ್ಲ ಕಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ, ಅರ್ಧ ಊರು ಏರಿನಲ್ಲೇ ಇದೆ. ನೀರಿನ ಬಾಟಲಿ, ಒಂದು ಡಬ್ಬಿ ಜೊತೆಗಿರಲಿ. ಒಮ್ಮೆ ಬಳಸಿ ಬಿಸಾಡುವ ಲೋಟ, ತಟ್ಟೆಗೆ ಈ ಊರು 2022ರಿಂದ 50 ಸೆಂಟ್ ತೆರಿಗೆ ಹಾಕಿದೆ, ಚಮಚ-ಫೋರ್ಕಿಗೆ 20 ಸೆಂಟ್. ಅದರ ವಿರುದ್ಧದ ಕೇಸು ದೇಶದ ಸಂವಿಧಾನ ನ್ಯಾಯಾಲಯದ ತನಕ ಹೋಯಿತು, ಅಲ್ಲೂ ಊರೇ ಗೆದ್ದಿತು. ಒಳ್ಳೆಯ ನಿಯಮ, ನಮ್ಮ ಪ್ರವಾಸಿ ಜಾಗಗಳಿಗೂ ಬೇಕು ಅಂತ ಮನಸಾರೆ ಅನಿಸುತ್ತದೆ. ಒಂದಿಷ್ಟು ಚಿಲ್ಲರೆ ದುಡ್ಡೂ ಇಟ್ಟುಕೊಳ್ಳಿ, ಶೌಚಾಲಯಕ್ಕೆ ಬೇಕಾಗುತ್ತದೆ.

ಮೊದಲು ಹೊಳೆ

ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ ನೆಕ್ಕಾರ್ ಹೊಳೆಯ ಸೇತುವೆ. ಎಲ್ಲರೂ ಇಲ್ಲಿ ಫೋಟೊ ಹೊಡೆದು ನೇರ ಪೇಟೆಗೆ ಹೋಗಿಬಿಡುತ್ತಾರೆ. ನೀವು ಸೇತುವೆಯ ಮಧ್ಯದಲ್ಲಿರುವ ಮೆಟ್ಟಿಲು ಇಳಿಯಿರಿ. ಕೆಳಗೆ ಹೊಳೆ ನಡುವೆ ಉದ್ದಕ್ಕೆ ಒಂದು ನಡುಗಡ್ಡೆ, ಅದರ ತುಂಬ ಎರಡೂ ಕಡೆ ದೊಡ್ಡ ದೊಡ್ಡ ಪ್ಲೇನ್ ಮರಗಳು (ಚಿನಾರ್ ಜಾತಿಯವು). ಆ ಮರಗಳ ಕೆಳಗೆ ನಡೆಯುತ್ತಾ ಆಚೆ ದಡ ನೋಡಿ: ಹಳದಿ, ಗುಲಾಬಿ, ತಿಳಿನೀಲಿ ಬಣ್ಣದ ಮನೆಗಳು, ಅವುಗಳ ಮಧ್ಯೆ ನೀರಿನ ಅಂಚಿಗೇ ನಿಂತಿರುವ ಹಳದಿ ಗೋಪುರ.

ಕವಿ ಫ್ರೀಡ್ರಿಶ್ ಹ್ಯೋಲ್ಡರ್ಲಿನ್ ಆ ಗೋಪುರದಲ್ಲಿ 1807ರಿಂದ 1843ರಲ್ಲಿ ಸಾಯುವ ತನಕ ಇದ್ದ. ಮನಸ್ಸಿನ ಕಾಯಿಲೆ ಬಂದು ಊರಿನ ಆಸ್ಪತ್ರೆ ಸೇರಿದ್ದವನನ್ನು, ವೈದ್ಯರು ಕೈಚೆಲ್ಲಿದ ಮೇಲೆ, ಎರ್ನ್ಸ್ಟ್ ಜಿಮ್ಮರ್ ಅನ್ನುವ ಬಡಗಿ ತನ್ನ ಮನೆಗೆ ಕರೆತಂದ. 36 ವರ್ಷ ಆ ಮನೆಯವರೇ ಅವನನ್ನು ನೋಡಿಕೊಂಡರು. ರಕ್ತಸಂಬಂಧ ಇಲ್ಲ, ಏನಿಲ್ಲ. ಆ ಬಡಗಿಗೆ ಅವನ ಬರಹದ ಮೇಲೆ ಪ್ರೀತಿ ಇತ್ತು, ಅಷ್ಟೇ. 1875ರಲ್ಲಿ ಗೋಪುರ ಬೆಂಕಿಗೆ ಸಿಕ್ಕಿ ಹೋಯಿತು, ಈಗ ಕಾಣುವುದು ಆಮೇಲೆ ಕಟ್ಟಿದ್ದು, ಒಳಗೆ ಮ್ಯೂಸಿಯಂ ಇದೆ. ವಾಪಸ್ ಸೇತುವೆ ಹತ್ತಿ, ದಾಟಿ, ಎಡಕ್ಕೆ ತಿರುಗಿ ಹೊಳೆ ಪಕ್ಕದಲ್ಲೇ ಹೋದರೆ ಅಲ್ಲಿಗೆ ಮುಟ್ಟುತ್ತೀರಿ.

ಬೇಸಿಗೆಯಾದರೆ ದೋಣಿಯನ್ನೂ ಬಿಡಬೇಡಿ. ಉದ್ದನೆಯ ಚಪ್ಪಟೆ ದೋಣಿ, ಹಿಂದೆ ನಿಂತವರು ಕೋಲು ಊರಿ ತಳ್ಳುತ್ತಾರೆ. ಒಬ್ಬರೇ ಬಂದವರು ಇಡೀ ದೋಣಿ ಬಾಡಿಗೆಗೆ ಹಿಡಿಯಬೇಕಿಲ್ಲ, ತಲೆಗಿಷ್ಟು ಅಂತ ಟಿಕೆಟ್ ಸಿಗುತ್ತದೆ. ಸೇತುವೆ ಹತ್ತಿರದ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಕೇಳಿ. ಜೂನ್ ಹೊತ್ತಿಗೆ ವಿದ್ಯಾರ್ಥಿಗಳ ದೋಣಿ ಪಂದ್ಯ ಇರುತ್ತದೆ, ಸೋತ ತಂಡದವರು ಮೀನೆಣ್ಣೆ ಕುಡಿಯಬೇಕು.

ಆಮೇಲೆ ಹಳೇ ಹಾಸ್ಟೆಲ್

ಗೋಪುರದ ಹಿಂದಿನ ಓಣಿ ಹಿಡಿದು ಮುಂದೆ ಹೋದರೆ ಷ್ಟಿಫ್ಟ್ ಸಿಗುತ್ತದೆ. ಮೊದಲು ಮಠವಾಗಿದ್ದ ಕಟ್ಟಡ, ಆಮೇಲೆ ಪಾದ್ರಿಯಾಗಲು ಓದುವ ಹುಡುಗರ ಹಾಸ್ಟೆಲ್ ಆಯಿತು. ಖಗೋಳ ವಿಜ್ಞಾನಿ ಕೆಪ್ಲರ್ ಇಲ್ಲಿದ್ದವನು. 1790ರ ಸುಮಾರಿಗೆ, ಮುಂದೆ ದೊಡ್ಡ ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಜೊತೆಗೆ ಕವಿ ಹ್ಯೋಲ್ಡರ್ಲಿನ್ ಮೂವರೂ ಇಲ್ಲಿ ಒಂದೇ ರೂಮಿನಲ್ಲಿ ಇದ್ದರು. ಈಗಲೂ ವಿದ್ಯಾರ್ಥಿಗಳು ಇಲ್ಲೇ ಇರುತ್ತಾರೆ, ಹಾಗಾಗಿ ಕಿಟಕಿಯೊಳಗೆ ಇಣುಕಬೇಡಿ.

ಕನ್ನಡದವರು ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. 1843ರಲ್ಲಿ ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರುಮಾಡಿದ ಹೆರ್ಮನ್ ಮೊಗ್ಲಿಂಗ್ ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಮಲಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟ್ ಓದಿದ್ದೂ ಇಲ್ಲೇ. ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. ಕೊನೆಗಾಲದಲ್ಲಿ ಅವರು ಇದೇ ಊರಲ್ಲಿದ್ದು, 1903ರ ಡಿಸೆಂಬರ್‌ನಲ್ಲಿ ಇಲ್ಲೇ ತೀರಿಕೊಂಡರು. ಅದೇ ವರ್ಷ ಅವರ ಕನ್ನಡ ವ್ಯಾಕರಣವೂ ಅಚ್ಚಾಗಿತ್ತು. ಎಪ್ಪತ್ತು ದಾಟಿದ ಮನುಷ್ಯ, ಮಂಗಳೂರು-ಧಾರವಾಡ ಬಿಟ್ಟು ಬಂದು ವರ್ಷಗಳಾದ ಮೇಲೂ ಈ ಚಳಿಯಲ್ಲಿ ಕೂತು ನಮ್ಮ ಭಾಷೆಯ ಕೆಲಸವನ್ನೇ ಮಾಡುತ್ತಿದ್ದರು ಅಂತ ನೆನೆದರೆ ಈ ಓಣಿಗಳಲ್ಲಿ ಸುಮ್ನೆ ನಡೆದುಹೋಗಲು ಮನಸ್ಸಾಗುವುದಿಲ್ಲ.

ಊಟಕ್ಕೆ ಮುಂಚೆ ಕೋಟೆ

ಇಲ್ಲಿಂದ ಕೋಟೆಗೆ ಕಡಿದಾದ ಏರು, ಬಿಸಿಲೇರುವ ಮುಂಚೆ ಹತ್ತಿಬಿಡಿ. ಕೋಟೆಯ ಹಳೇ ಅಡುಗೆಮನೆ 19ನೇ ಶತಮಾನದಲ್ಲಿ ಪ್ರಯೋಗಾಲಯ ಆಗಿತ್ತು. 1869ರಲ್ಲಿ ಫ್ರೀಡ್ರಿಶ್ ಮೀಷರ್ ಅನ್ನುವ ಯುವ ಸಂಶೋಧಕ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಜೀವಕೋಶ ಬೇರ್ಪಡಿಸಿ, ಅದರೊಳಗಿಂದ ಒಂದು ಹೊಸ ವಸ್ತು ಹೊರತೆಗೆದ. ಇವತ್ತು ನಾವು ಡಿಎನ್‌ಎ ಅನ್ನುವುದು ಅದನ್ನೇ. ಆ ಅಡುಗೆಮನೆ ನೋಡಬಹುದು.

ಮ್ಯೂಸಿಯಂ ದೊಡ್ಡದು, ಈಜಿಪ್ಟು, ಗ್ರೀಸು ಎಲ್ಲ ಇದೆ, ಎಲ್ಲವನ್ನೂ ನೋಡಲು ಹೋಗಬೇಡಿ. ಮೊದಲು ಹಿಮಯುಗದ ಕೋಣೆಗೆ ಹೋಗಿ. ಮ್ಯಾಮತ್ ಅನ್ನುವ ಆ ಕಾಲದ ಆನೆಯ ದಂತದಲ್ಲಿ ಕೆತ್ತಿದ ಒಂದು ಕುದುರೆ ಅಲ್ಲಿದೆ. ಐದು ಸೆಂಟಿಮೀಟರೂ ಇಲ್ಲ, ಹೆಬ್ಬೆರಳಿನಷ್ಟು. ಕಾಲುಗಳು ಮುರಿದಿವೆ. ಆದರೆ ಕುತ್ತಿಗೆ ಬಾಗಿಸಿದ ಆ ಗತ್ತು ನೋಡಿ, ಕೆತ್ತಿದವರು ಕುದುರೆಯನ್ನು ಎಷ್ಟು ಗಮನಿಸಿದ್ದರು ಅಂತ ಗೊತ್ತಾಗುತ್ತದೆ. ವಯಸ್ಸು ಸುಮಾರು 40,000 ವರ್ಷ. 1931ರಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿದ್ದು. ಪಕ್ಕಕ್ಕೆ ಹೋಗಿ, ಬಗ್ಗಿ, ಇನ್ನೊಂದು ಕಡೆಯಿಂದಲೂ ನೋಡಿ. ಇಡೀ ದಿನದಲ್ಲಿ ಒಂದೇ ಒಂದು ನೋಡಲು ಸಮಯ ಇದೆ ಅಂದರೆ ಇದನ್ನು ನೋಡಿ ಅನ್ನುತ್ತೇನೆ.

ಮಾರುಕಟ್ಟೆ, ಊಟ, ಚರ್ಚು

ಕೋಟೆ ಇಳಿದರೆ ಮಾರುಕಟ್ಟೆ ಚೌಕ. ಪುರಸಭೆ ಕಟ್ಟಡ 1435ರದು, ಮೇಲಿನ ಖಗೋಳ ಗಡಿಯಾರ 1511ರಲ್ಲಿ ಯೊಹಾನೆಸ್ ಷ್ಟ್ಯೋಫ್ಲರ್ ಮಾಡಿದ್ದು.

ಊಟವನ್ನು 2 ಗಂಟೆಯೊಳಗೆ ಮುಗಿಸಿ, ಆಮೇಲೆ ಸಂಜೆ ತನಕ ಅಡುಗೆಮನೆ ಮುಚ್ಚುವ ಹೋಟೆಲುಗಳು ಬೇಕಾದಷ್ಟಿವೆ. ಸಸ್ಯಾಹಾರಿಗಳು ಕೇಸೆಷ್ಪೆಟ್ಸ್ಲೆ ಕೇಳಿ: ಮೊಟ್ಟೆ ಹಾಕಿದ ಹಿಟ್ಟಿನ ಮೆತ್ತಗಿನ ಎಳೆಗಳಿಗೆ ಚೀಸ್ ಕರಗಿಸಿ, ಮೇಲೆ ಹುರಿದ ಈರುಳ್ಳಿ. ಮೊಟ್ಟೆ ತಿನ್ನದವರು ಸಂತೆಯ ಹಣ್ಣು, ಬ್ರೆಡ್ಡು ಡಬ್ಬಿಗೆ ತುಂಬಿಕೊಳ್ಳುವುದೇ ಸರಿ. ಮೌಲ್‌ಟಾಷೆನ್ ಇಲ್ಲಿಯ ಹೆಸರುವಾಸಿ ತಿಂಡಿ, ಆದರೆ ಸಾಮಾನ್ಯವಾಗಿ ಒಳಗೆ ಮಾಂಸ ಇರುತ್ತದೆ, ಕೇಳಿಯೇ ತಗೊಳ್ಳಿ. ಉದ್ದನೆಯ ಬೆಂಚಿನಲ್ಲಿ ಜಾಗ ಇದ್ದರೆ ‘ಇಲ್ಲಿ ಕೂರಬಹುದಾ’ ಅಂತ ಕೇಳಿ ಕೂತುಬಿಡಿ, ಒಬ್ಬರೇ ಅಂತ ಸಂಕೋಚ ಬೇಡ.

ಹೋಲ್ಟ್ಸ್‌ಮಾರ್ಕ್ಟ್ ಅನ್ನುವ ಚೌಕದಲ್ಲಿ ಷ್ಟಿಫ್ಟ್ಸ್‌ಕಿರ್ಷೆ ಚರ್ಚಿದೆ. ಒಳಗೆ ವ್ಯೂರ್ಟೆಂಬರ್ಗ್ ದೊರೆಗಳ ಸಮಾಧಿಗಳು. ಹೊರಗೋಡೆಯ ಒಂದು ಕಿಟಕಿಯಲ್ಲಿ ಮಾತ್ರ ಗಾಜಿನ ಮುಂದೆ ಕಲ್ಲಿನ ಚಕ್ರ, ಅದಕ್ಕೆ ಸಿಕ್ಕಿಕೊಂಡು ಹಿಂಸೆ ಅನುಭವಿಸುತ್ತಿರುವ ಒಬ್ಬ ಮನುಷ್ಯ ಇದ್ದಾನೆ. ಅದು ಸಂತ ಜಾರ್ಜ್. ತಲೆ ಎತ್ತದಿದ್ದರೆ ಕಾಣುವುದೇ ಇಲ್ಲ. ಗೋಪುರ ತೆರೆದಿದ್ದರೆ ಹತ್ತಿ, ಬೆಳಿಗ್ಗೆಯಿಂದ ನಡೆದದ್ದೆಲ್ಲ ಮೇಲಿಂದ ಕಾಣುತ್ತದೆ.

ಎದುರಿಗೇ ಇರುವ ಹೆಕ್ಕೆನ್‌ಹೌವರ್ ಪುಸ್ತಕದಂಗಡಿಯಲ್ಲಿ 1895ರಿಂದ 1899ರ ತನಕ ಕೆಲಸ ಮಾಡಿದ ಹುಡುಗನ ಹೆಸರು ಹೆರ್ಮನ್ ಹೆಸ್ಸೆ. ಮುಂದೆ ಸಾಹಿತ್ಯದ ನೊಬೆಲ್ ಪಡೆದ ಅದೇ ಹೆಸ್ಸೆ, ಗುಂಡರ್ಟ್ ಅವರ ಮೊಮ್ಮಗ.

ವಾಪಸ್

ಸಂಜೆ ಉಳಿದರೆ ಕೆಳಪೇಟೆಗೆ ಇಳಿಯಿರಿ. ದ್ರಾಕ್ಷಿ ಬೆಳೆಯುತ್ತಿದ್ದ ರೈತರು ಇದ್ದ ಕೇರಿ ಅದು, ಅಮ್ಮರ್ ಕಾಲುವೆ ಮನೆಗಳ ಮುಂದೆಯೇ ಹರಿಯುತ್ತದೆ, ಪ್ರವಾಸಿಗರ ಗದ್ದಲ ಕಮ್ಮಿ. ಹೊರಡುವ ಮುಂಚೆ ಫೋನಿನಲ್ಲಿ ರೈಲಿನ ಸಮಯ ಇನ್ನೊಮ್ಮೆ ನೋಡಿ, ಹಳಿ ರಿಪೇರಿ ಅಂತ ಬದಲಾಗುತ್ತಿರುತ್ತದೆ. ಹತ್ತಿರದ ಬೇಬೆನ್‌ಹೌಸೆನ್ ಮಠವನ್ನು ಇದೇ ದಿನಕ್ಕೆ ತುರುಕಬೇಡಿ. ಬಸ್ ಇದೆ, ಕಾಡಿನ ಮಧ್ಯದ ಜಾಗ, ಅದಕ್ಕೆ ಇನ್ನೊಂದು ದಿನವನ್ನೇ ಇಟ್ಟುಕೊಳ್ಳಿ.