ಮುಧೋಳ ನಾಯಿಯನ್ನು ಶೋ ರಿಂಗ್‌ಗೆ ತಯಾರು ಮಾಡಿದ ಬಗೆ

ನಮ್ಮ ಗದಗಿನ ಕಡೆ ಮುಧೋಳ ನಾಯಿ ಸಾಕುವವರು ಇದ್ದಾರೆ, ಆದರೆ ನಾಯಿಗಳ ಪ್ರದರ್ಶನಕ್ಕೆ, ಅಂದರೆ ಶೋಗೆ, ತರುವವರು ಕಮ್ಮಿ. ನನ್ನ ಹೆಣ್ಣು ನಾಯಿ ಚಂದ್ರಿಯನ್ನು ತಯಾರು ಮಾಡಬೇಕು ಅಂದುಕೊಂಡಾಗ ಮೊದಲು ತಳಿಯ ಸ್ಟ್ಯಾಂಡರ್ಡ್ ಓದಿದೆ. ಈ ತಳಿ ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ‘ಕ್ಯಾರವಾನ್ ಹೌಂಡ್’ ಅನ್ನೋ ಹೆಸರಿನಲ್ಲಿದೆ. ತಲೆ ಹೇಗಿರಬೇಕು, ಎದೆ ಎಷ್ಟು ಆಳ, ನಡಿಗೆ ಎಂಥದ್ದು ಎಂದು ಸ್ಟ್ಯಾಂಡರ್ಡ್‌ನಲ್ಲಿ ಬರೆದಿರುತ್ತದೆ. ಜಡ್ಜ್ ಪ್ರತಿ ನಾಯಿಯನ್ನೂ ಅಳೆಯುವುದು ಅದರಿಂದಲೇ.

ಈ ನಾಯಿ ಓಡಲಿಕ್ಕೆ ಹುಟ್ಟಿದ್ದು. ಪ್ರತಿ ಅಂಗಕ್ಕೂ ಅಲ್ಲೇ ಕಾರಣ ಸಿಗುತ್ತದೆ. ಎದೆ ಆಳ ಇದ್ದರೆ ಶ್ವಾಸಕೋಶಕ್ಕೆ ಜಾಗ. ಹೆಗಲ ಮೂಳೆ ಹಿಂದಕ್ಕೆ ವಾಲಿದ್ದರೆ ಮುಂಗಾಲು ದೂರ ಚಾಚುತ್ತದೆ, ನೆಟ್ಟಗಿದ್ದರೆ ಹೆಜ್ಜೆ ಗಿಡ್ಡವಾಗುತ್ತದೆ. ಇದು ತಿಳಿದ ಮೇಲೆ ದಿನಾ ಸಂಜೆ ಚಂದ್ರಿಯ ಮೈಮೇಲೆ ಕೈ ಆಡಿಸಿ ನೋಡುತ್ತಿದ್ದೆ. ಜಡ್ಜ್ ಕೂಡ ಕಣ್ಣಿಗಿಂತ ಕೈಯನ್ನೇ ಜಾಸ್ತಿ ನಂಬುತ್ತಾರೆ.

ನಮ್ಮಲ್ಲಿ ಕೆಲವರು ಶೋ ಬಂತು ಅಂದರೆ ನಾಯಿಗೆ ಊಟ ಕಡಿಮೆ ಮಾಡುತ್ತಾರೆ. ಇದು ತಪ್ಪು. ಈ ತಳಿಯಲ್ಲಿ ಸೊಂಟದ ಮೂಳೆ ಎದ್ದು ಕಾಣುವುದು ಸಹಜ. ಆದರೆ ತೊಡೆಯಲ್ಲಿ ಗಟ್ಟಿ ಮಾಂಸ ಇರಲೇಬೇಕು. ಹಸಿದ ನಾಯಿಯ ತೊಡೆ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ.

ಮುಟ್ಟಿಸಿಕೊಳ್ಳುವುದನ್ನು ಕಲಿಸುವುದಕ್ಕೇ ನನಗೆ ಜಾಸ್ತಿ ಸಮಯ ಬೇಕಾಯಿತು. ಮುಧೋಳ ನಾಯಿ ಪರಿಚಯ ಇಲ್ಲದವರ ಕೈ ಸಹಿಸುವುದಿಲ್ಲ. ಅದು ಅದರ ಗುಣ, ತಳಿ ಬಲ್ಲ ಜಡ್ಜ್ ಅದನ್ನು ದೋಷ ಅನ್ನುವುದಿಲ್ಲ. ಆದರೂ ರಿಂಗ್‌ನಲ್ಲಿ ತುಟಿ ಎತ್ತಿ ಹಲ್ಲು ನೋಡುತ್ತಾರೆ. ಮೇಲಿನ ಮುಂದಿನ ಹಲ್ಲು ಕೆಳಗಿನದರ ಮುಂದೆ ಕತ್ತರಿಯ ಹಾಗೆ ಕೂತಿದೆಯಾ, ಹಲ್ಲು ಪೂರ್ತಿ ಇವೆಯಾ ಎಂದು. ದೊಡ್ಡ ನಾಯಿಗೆ 42 ಹಲ್ಲು. ಗಂಡಾದರೆ ವೃಷಣ ಎರಡೂ ಇಳಿದಿವೆಯಾ ಅಂತಲೂ ನೋಡುತ್ತಾರೆ. ಅದಕ್ಕೆ ಓಣಿಯವರನ್ನೆಲ್ಲ ಜಡ್ಜ್ ಮಾಡಿದೆ.

“ಕಾಕಾ, ಇದರ ಹಲ್ಲು ನೋಡ್ರಿ.”

“ಕಡೀತೈತೇನೋ ತಮ್ಮಾ?”

“ಇಲ್ರಿ. ಪಕ್ಕದಿಂದ ಬರ್ರಿ, ಸಾವಕಾಶ.”

ಮೊದಲು ಗದ್ದ, ಆಮೇಲೆ ಹೆಗಲು, ಕೊನೆಗೆ ಬಾಯಿ. ಕಾಕಾ ಆದ ಮೇಲೆ ಅಂಗಡಿಯವರು, ಶಾಲೆ ಹುಡುಗರು. ಬರಬರುತ್ತ ಚಂದ್ರಿ ಕಿವಿ ಹಿಂದಕ್ಕೆ ಹಾಕದೆ ನಿಲ್ಲತೊಡಗಿದಳು.

ನಿಲ್ಲಿಸುವುದು ಸುಲಭ. ಮುಂಗಾಲು ಹೆಗಲ ಕೆಳಗೆ ನೇರ, ಹಿಂಗಾಲಿನ ಗಂಟಿನಿಂದ ಪಾದದವರೆಗಿನ ಭಾಗ ನೆಲಕ್ಕೆ ನೆಟ್ಟಗೆ. ಕಷ್ಟ ಇರುವುದು ಓಡಿಸುವುದರಲ್ಲಿ. ಜಡ್ಜ್‌ಗೆ ನಾಗಾಲೋಟ ಬೇಡ, ಹದವಾದ ಟ್ರಾಟ್ ಬೇಕು, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ. ನೇರ ಹೋಗಿ ಬಾ ಅಂದರೆ ಹಿಂದಿನಿಂದ, ಮುಂದಿನಿಂದ ಕಾಲು ನೇರ ಬೀಳುತ್ತಿದೆಯಾ ನೋಡುತ್ತಾರೆ. ಸುತ್ತು ಹಾಕಿಸಿದರೆ ಬೆನ್ನು ಅಲುಗದೆ ಹೆಜ್ಜೆ ಎಷ್ಟು ದೂರ ಚಾಚುತ್ತದೆ ಎಂದು ಪಕ್ಕದಿಂದ ನೋಡುತ್ತಾರೆ. ನಿಂತಾಗ ಮುಚ್ಚಿಟ್ಟದ್ದೆಲ್ಲ ಇಲ್ಲಿ ಹೊರಬೀಳುತ್ತದೆ. ಬೇಸಿಗೆಯಲ್ಲಿ ಎರಿ ಹೊಲ ಬಿರುಕು ಬಿಟ್ಟಿರುತ್ತದೆ, ಕಾಲು ಸಿಕ್ಕಿಕೊಂಡರೆ ಕಷ್ಟ. ಹಾಗಾಗಿ ಬೆಳಿಗ್ಗೆ ಬೇಗ ಊರ ಹೊರಗಿನ ಮಣ್ಣಿನ ರಸ್ತೆಯಲ್ಲಿ ಓಡಿಸುತ್ತಿದ್ದೆ. ಅವಳ ಟ್ರಾಟ್‌ಗೆ ನನ್ನ ಹೆಜ್ಜೆ ಹೊಂದಬೇಕು, ಪಟ್ಟಿ ಸಡಿಲ ಇರಬೇಕು. ಪಟ್ಟಿ ಎಳೆದರೆ ನಾಯಿಯ ನಡಿಗೆಯೇ ಬದಲಾಗುತ್ತದೆ.

ತಳಿಯಲ್ಲಿ ಗೆದ್ದ ನಾಯಿ ಆಮೇಲೆ ಬೇರೆ ತಳಿಗಳ ಜೊತೆ ಗ್ರೂಪ್‌ನಲ್ಲಿ ನಿಲ್ಲುತ್ತದೆ. ಗ್ರೇಹೌಂಡ್‌ಗೂ ಮುಧೋಳಕ್ಕೂ ಏನು ಹೋಲಿಕೆ ಎಂದು ಜನ ಕೇಳುತ್ತಾರೆ. ಅಲ್ಲೂ ಅಷ್ಟೇ. ಯಾವ ನಾಯಿ ತನ್ನ ತಳಿಯ ಸ್ಟ್ಯಾಂಡರ್ಡ್‌ಗೆ ಹೆಚ್ಚು ಹತ್ತಿರ ಇದೆಯೋ ಅದಕ್ಕೆ ಬಹುಮಾನ.

ಗೆಲ್ಲಲಿ ಬಿಡಲಿ, ರಿಂಗ್ ಕೆಲಸ ಮುಗಿದ ಮೇಲೆ ಜಡ್ಜ್ ಹತ್ತಿರ ಹೋಗಿ ಕೇಳುತ್ತೇನೆ. “ಸರ್, ಇವಳಲ್ಲಿ ಏನು ಕಮ್ಮಿ ಕಾಣಿಸ್ತು?” ಹೆಚ್ಚಿನವರು ಬಿಡುವು ಮಾಡಿಕೊಂಡು ಹೇಳುತ್ತಾರೆ. ಚಂದ್ರಿಯ ಮುಂಗಾಲಿನ ಮೊಣಕೈ ಸ್ವಲ್ಪ ಹೊರಕ್ಕೆ ಹೋಗುತ್ತದೆ ಎಂದು ಒಬ್ಬರು ತೋರಿಸಿದರು. ಶೋ ಇರುವುದೇ ಒಳ್ಳೆಯ ಸಂತಾನ ಆರಿಸಲಿಕ್ಕೆ, ಅಲ್ವಾ? ಈಗ ಅವಳಿಗೆ ಗಂಡು ಹುಡುಕುತ್ತಿದ್ದೇನೆ. ಯಾವ ನಾಯಿ ನೋಡಲು ಹೋದರೂ ಮೊದಲು ನನ್ನ ಕಡೆಗೆ ಓಡಿಸಿಕೊಂಡು ಬರಲು ಹೇಳಿ, ಅದರ ಮೊಣಕೈ ನೋಡುತ್ತೇನೆ.